ಚಿನ್ನದ ಕಾರ್ಡು, ಬಡವರ ಕಾರ್ಡು

ಥಾಯ್ಲೆಂಡಿನ ಸಾಮಾನ್ಯ ಜನರ ಬಾಯಲ್ಲಿ ಎರಡು ಕಾರ್ಡುಗಳ ಹೆಸರು ಆಗಾಗ ಬರುತ್ತದೆ. ಒಂದು ‘ಬತ್ ಥೋಂಗ್’, ಅಂದರೆ ಚಿನ್ನದ ಕಾರ್ಡು. ಇನ್ನೊಂದಕ್ಕೆ ಸರ್ಕಾರ ಇಟ್ಟ ಹೆಸರು ‘ರಾಜ್ಯ ಕಲ್ಯಾಣ ಕಾರ್ಡು’. ಜನ ಮಾತ್ರ ಅದನ್ನು ‘ಬತ್ ಖೋನ್ ಚೋನ್’, ಬಡವರ ಕಾರ್ಡು, ಎಂದೇ ಕರೆಯುತ್ತಾರೆ. ಮೊದಲನೆಯದು ಆಸ್ಪತ್ರೆಗೆ, ಎರಡನೆಯದು ಅಕ್ಕಿ, ಎಣ್ಣೆ, ಸೋಪು, ಬಸ್ಸಿನ ಖರ್ಚಿಗೆ. ಮೊದಲನೆಯದು ನಿಮ್ಮನ್ನು ‘ನೀವು ಬಡವರೇ?’ ಎಂದು ಕೇಳುವುದಿಲ್ಲ. ಎರಡನೆಯದು ಕೇಳುವುದೇ ಅದನ್ನು.

ಒಂದೇ ಪ್ರಭುತ್ವ, ಒಂದೇ ಜನ. ಆದರೂ ಈ ಎರಡು ಕಾರ್ಡುಗಳ ನಡುವೆ ಹಕ್ಕು ಮತ್ತು ಹಂಗಿನ ನಡುವಿನಷ್ಟೇ ಅಂತರವಿದೆ. ಥಾಯ್ಲೆಂಡಿನ ಆರೋಗ್ಯ ವ್ಯವಸ್ಥೆಯನ್ನು ಜಗತ್ತು ಹೊಗಳುತ್ತಲೇ ಬಂದಿದೆ. ಅದರಿಂದ ಕಲಿಯಬೇಕಾದ ಪಾಠವನ್ನು ಮಾತ್ರ ತಪ್ಪಾಗಿ ಕಲಿತಿದೆ ಎಂಬುದು ನನ್ನ ತಕರಾರು. ಹೊಗಳುವವರಿಗೆ ಕಾಣುವುದು ಅದರ ಅಗ್ಗದ ಬೆಲೆ. ಅದರ ನಿಜವಾದ ಸಾಧನೆ ಇರುವುದು ರೋಗಿಯನ್ನು ಯಾರ ಹಂಗಿಗೂ ಬೀಳಿಸದೆ ಒಳಗೆ ಕರೆದುಕೊಳ್ಳುವುದರಲ್ಲಿ. ಆ ಸಾಧನೆಯನ್ನು ಸಾಮಾಜಿಕ ಭದ್ರತೆಯ ಉಳಿದ ಭಾಗಗಳಿಗೆ ಹಬ್ಬಿಸಬೇಕಿದ್ದ ಹೊತ್ತಿನಲ್ಲಿ ಅಲ್ಲಿನ ಆಳುವವರು ತದ್ವಿರುದ್ಧ ದಿಕ್ಕಿಗೆ ನಡೆಯುತ್ತಿದ್ದಾರೆ.

ಮೊದಲು ಚಿನ್ನದ ಕಾರ್ಡಿನ ಕಥೆ. 2001ರ ಚುನಾವಣೆಯಲ್ಲಿ ಥಕ್ಸಿನ್ ಶಿನವಾತ್ರ ಅವರ ‘ಥಾಯ್ ರಾಕ್ ಥಾಯ್’ ಪಕ್ಷ ಒಂದು ಘೋಷಣೆ ಕೊಟ್ಟಿತು: 30 ಬಾತ್‌ಗೆ ಎಲ್ಲ ರೋಗಕ್ಕೂ ಚಿಕಿತ್ಸೆ. (ಬಾತ್ ಅಲ್ಲಿನ ದುಡ್ಡು, ನಮ್ಮ ಬೆಳಗಿನ ತಿಂಡಿಯಲ್ಲ. ಈಗಿನ ಲೆಕ್ಕದಲ್ಲಿ 30 ಬಾತ್ ಅಂದರೆ ಎಂಬತ್ತು ರೂಪಾಯಿಯ ಆಸುಪಾಸು.) ಪಕ್ಷ ಗೆದ್ದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ 6 ಪ್ರಾಂತ್ಯಗಳಲ್ಲಿ ಯೋಜನೆ ಶುರುವಾಗಿ, ಮರುವರ್ಷದ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತು. 2002ರ ನವೆಂಬರ್‌ನಲ್ಲಿ ‘ರಾಷ್ಟ್ರೀಯ ಆರೋಗ್ಯ ಭದ್ರತಾ ಕಾಯ್ದೆ’ ಜಾರಿಯಾಯಿತು. ಅದಕ್ಕೂ ಮುಂಚೆ ಹತ್ತರಲ್ಲಿ ಮೂವರು ಥಾಯ್ ಜನರಿಗೆ ಯಾವ ಆರೋಗ್ಯ ರಕ್ಷಣೆಯೂ ಇರಲಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಸಾಲ ಮಾಡಬೇಕಿತ್ತು, ಇಲ್ಲವೇ ಎಮ್ಮೆಯನ್ನೋ ಹೊಲವನ್ನೋ ಮಾರಬೇಕಿತ್ತು. ಇಂದು ಸುಮಾರು 4.7 ಕೋಟಿ ಜನ ಈ ಯೋಜನೆಯಡಿ ಬರುತ್ತಾರೆ. ಖಾಸಗಿ ಕಂಪನಿಗಳ ನೌಕರರಿಗೆ 1990ರ ಕಾಯ್ದೆಯ ‘ಸಾಮಾಜಿಕ ಭದ್ರತೆ’ ಇದೆ. ಸರ್ಕಾರಿ ನೌಕರರಿಗೂ ಅವರ ತಂದೆ-ತಾಯಿ, ಹೆಂಡತಿ-ಮಕ್ಕಳಿಗೂ ಬೇರೆಯದೇ ವ್ಯವಸ್ಥೆ ಇದೆ. ಈ ಎರಡಕ್ಕೂ ಸೇರದ ರೈತ, ಕೂಲಿ, ಬೀದಿ ವ್ಯಾಪಾರಿ, ಟುಕ್‌ಟುಕ್ ಚಾಲಕ, ಮನೆವಾರ್ತೆಯ ಹೆಂಗಸು, ಎಲ್ಲರಿಗೂ ಚಿನ್ನದ ಕಾರ್ಡು.

ಇಲ್ಲಿಂದಲೇ ತಪ್ಪು ಪಾಠಗಳೂ ಶುರುವಾಗುತ್ತವೆ. ಒಂದು, ಇದು ಒಬ್ಬ ನಾಯಕನ ಕೊಡುಗೆ ಎಂಬುದು. ಆಗ್ನೇಯ ಏಷ್ಯಾದ ಕಲ್ಯಾಣ ಯೋಜನೆಗಳ ರಾಜಕಾರಣದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಸೆಮಿನಾರುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಥಕ್ಸಿನ್ ಅಭಿಮಾನಿಗಳು ಇದನ್ನು ಆರತಿಯಂತೆ ಎತ್ತುತ್ತಾರೆ. ವಿರೋಧಿಗಳು ಇದನ್ನೇ ಬೈಗುಳವಾಗಿ ತಿರುಗಿಸಿ ‘ವೋಟಿನ ಗಿಮಿಕ್’ ಎನ್ನುತ್ತಾರೆ. ಇಬ್ಬರೂ ಒಪ್ಪಿಕೊಂಡಿರುವ ಸಂಗತಿ ಒಂದೇ, ಜನರಿಗೆ ಇದರಲ್ಲಿ ಪಾತ್ರವಿರಲಿಲ್ಲ ಎಂಬುದು.

ಚರಿತ್ರೆ ಹಾಗೆ ಹೇಳುವುದಿಲ್ಲ. 1973ರಲ್ಲಿ ಪುಯ್ ಉಂಗ್‌ಫಾಕೋರ್ನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪುಟ್ಟ ಪ್ರಬಂಧ ಬರೆದರು. ಅವರು ಹನ್ನೆರಡು ವರ್ಷ ಥಾಯ್ಲೆಂಡಿನ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದವರು. ಒಬ್ಬ ಮನುಷ್ಯನಿಗೆ ತಾಯಿಯ ಗರ್ಭದಲ್ಲಿರುವಾಗಿನಿಂದ ಚಿತೆಯೇರುವವರೆಗೆ ಏನೇನು ಬೇಕು ಎಂಬುದನ್ನು ಆ ಮನುಷ್ಯನ ಬಾಯಿಂದಲೇ ಹೇಳಿಸುವ ಬರಹ ಅದು. ಗರ್ಭಿಣಿಗೆ ಪೌಷ್ಟಿಕ ಆಹಾರ, ಮಗುವಿಗೆ ಶಾಲೆ, ದುಡಿಯುವವನಿಗೆ ಅರ್ಥವುಳ್ಳ ಕೆಲಸ, ಕಾಯಿಲೆಗೆ ಕೈಗೆಟುಕುವ ಒಳ್ಳೆಯ ಚಿಕಿತ್ಸೆ. ಬ್ಯಾಂಕಿನ ಗವರ್ನರಾಗಿದ್ದವರು ಅಂಕಿಸಂಖ್ಯೆ ಬಿಟ್ಟು ಹೀಗೆ ಬರೆದದ್ದು ಥಾಯ್ ಓದುಗರ ಮೇಲೆ ಗಾಢ ಪರಿಣಾಮ ಬೀರಿತು. ಮೂರು ವರ್ಷದ ನಂತರ, 1976ರ ಅಕ್ಟೋಬರ್ 6ರಂದು, ಅವರು ಕುಲಪತಿಯಾಗಿದ್ದ ಥಮ್ಮಸಾತ್ ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿಗಳ ಹತ್ಯಾಕಾಂಡ ನಡೆಯಿತು. ಪುಯ್ ದೇಶ ಬಿಟ್ಟು ಹೋಗಬೇಕಾಯಿತು.

ಆ ತಲೆಮಾರಿನ ಕೆಲವು ವಿದ್ಯಾರ್ಥಿಗಳು ಬಂದೂಕು ಹಿಡಿದು ಕಾಡು ಸೇರಿದರು. ಇನ್ನು ಕೆಲವರು ಸ್ಟೆತೊಸ್ಕೋಪ್ ಹಿಡಿದು ಹಳ್ಳಿ ಸೇರಿದರು. ಗ್ರಾಮೀಣ ವೈದ್ಯರ ಚಳವಳಿ ಕಟ್ಟಿದವರು ಈ ಎರಡನೆಯವರು. ಡಾ. ಸಂಗುವಾನ್ ನಿತ್ಯಾರಂಫೋಂಗ್ ಅವರಲ್ಲಿ ಒಬ್ಬರು. ಈಸಾನ್ ಸೀಮೆಯ ಸಿಸಾಕೆತ್ ಪ್ರಾಂತ್ಯದ ರಾಸಿ ಸಲೈ ಎಂಬ ಸಣ್ಣ ಆಸ್ಪತ್ರೆಯಲ್ಲಿ ದುಡಿದ ಅವರು, ಮುಂದೆ ಎರಡು ದಶಕ ಕಾಲ ಸರ್ವರಿಗೂ ಆರೋಗ್ಯದ ಲೆಕ್ಕವನ್ನು ಹಾಕುತ್ತಲೇ ಇದ್ದರು. ಲೆಕ್ಕದ ಹಾಳೆ ಹಿಡಿದು ಪಕ್ಷಗಳ ಬಾಗಿಲು ತಟ್ಟಿದವರೂ ಅವರೇ. ಬಾಗಿಲು ತೆರೆದದ್ದು ಥಕ್ಸಿನ್. ಆ ಶ್ರೇಯ ಅವರಿಗೆ ಸಲ್ಲಲಿ. ಆದರೆ ಇನ್ನೊಂದು ಕಡೆ, 1997ರ ಸಂವಿಧಾನ 50,000 ಸಹಿ ಸಂಗ್ರಹಿಸಿದರೆ ಜನರೇ ಮಸೂದೆ ಮಂಡಿಸಬಹುದೆಂದು ಹೇಳಿತ್ತು. ಆ ಅವಕಾಶ ಹಿಡಿದು ಹಳ್ಳಿ ಸಂಘಟನೆಗಳು, ಎಚ್‌ಐವಿ ಸೋಂಕಿತರ ಜಾಲಗಳು, ಕಾರ್ಮಿಕ ಹಾಗೂ ಮಹಿಳಾ ಸಂಘಟನೆಗಳು ಸಹಿಗಾಗಿ ಊರೂರು ಸುತ್ತಿದವು. ಮುಂಚೂಣಿಯಲ್ಲಿದ್ದವರು ಪುಯ್ ಅವರ ಮಗ ಜಾನ್ ಉಂಗ್‌ಫಾಕೋರ್ನ್. ತಂದೆ ಪ್ರಬಂಧದಲ್ಲಿ ಬಯಸಿದ್ದನ್ನು ಮಗ ಮಸೂದೆಯಲ್ಲಿ ಕೇಳಿದರು. 50,000ಕ್ಕೂ ಹೆಚ್ಚು ಜನ ಸಹಿ ಹಾಕಿ ಕೇಳಿ ಪಡೆದದ್ದನ್ನು ‘ಕೊಡುಗೆ’ ಎನ್ನುವುದು ಸಹಿ ಹಾಕಿದ ಆ ಕೈಗಳಿಗೆ ಮಾಡುವ ಅವಮಾನ.

ಇದು ಬರೀ ಭಾವುಕತೆ ಅನ್ನುವವರು 2006ನ್ನು ನೋಡಬೇಕು. ಆ ಸೆಪ್ಟೆಂಬರ್ 19ರಂದು ಸೇನೆ ದಂಗೆಯೆದ್ದು ಥಕ್ಸಿನ್ ಸರ್ಕಾರವನ್ನು ಕಿತ್ತೊಗೆಯಿತು. ಯೋಜನೆ ಒಬ್ಬ ನಾಯಕನ ಗಿಮಿಕ್ ಆಗಿದ್ದರೆ ಅವರೊಂದಿಗೇ ಅದರ ಕಥೆಯೂ ಮುಗಿಯಬೇಕಿತ್ತು. ನಡೆದದ್ದೇ ಬೇರೆ. ದಂಗೆಯ ನಂತರ ಬಂದ ಆರೋಗ್ಯ ಸಚಿವ ಡಾ. ಮೊಂಗ್‌ಕೋನ್ ನಾ ಸೊಂಗ್‌ಖ್ಲಾ ಅವರ ಕಾಲದಲ್ಲಿ ಆ 30 ಬಾತ್ ಶುಲ್ಕವನ್ನೂ ತೆಗೆದುಹಾಕಲಾಯಿತು. ಅಷ್ಟೇ ಅಲ್ಲ, ಆ ವರ್ಷದ ನವೆಂಬರ್‌ನಲ್ಲಿ ಎಫಾವಿರೆಂಜ್ ಎಂಬ ಎಚ್‌ಐವಿ ಔಷಧಿಗೆ ಕಡ್ಡಾಯ ಪರವಾನಗಿ ಹೊರಡಿಸಲಾಯಿತು. ಅಂದರೆ ಪೇಟೆಂಟ್ ಇರುವ ಔಷಧಿಯನ್ನು ಜನರ ಅಗತ್ಯಕ್ಕಾಗಿ ಸರ್ಕಾರ ಅಗ್ಗದ ಬೆಲೆಯಲ್ಲಿ ತಯಾರಿಸಿಕೊಳ್ಳಲು, ಇಲ್ಲವೇ ಬೇರೆ ಕಡೆಯಿಂದ ತರಿಸಿಕೊಳ್ಳಲು ಕಾನೂನೇ ಕೊಡುವ ಅವಕಾಶ. 2007ರ ಜನವರಿಯಲ್ಲಿ ಇನ್ನೊಂದು ಎಚ್‌ಐವಿ ಔಷಧಿಗೂ, ಹೃದ್ರೋಗಕ್ಕೆ ಬಳಸುವ ಕ್ಲೊಪಿಡೊಗ್ರೆಲ್‌ಗೂ ಅದೇ ಆಯಿತು. ಸಿಟ್ಟಿಗೆದ್ದ ಅಬಾಟ್ ಕಂಪನಿ ತನ್ನ ಹೊಸ ಔಷಧಿಗಳ ನೋಂದಣಿ ಅರ್ಜಿಗಳನ್ನು ಹಿಂದಕ್ಕೆ ಪಡೆಯಿತು. ಅಮೆರಿಕ ಥಾಯ್ಲೆಂಡನ್ನು ‘ಆದ್ಯತೆಯ ನಿಗಾ ಪಟ್ಟಿ’ಗೆ ಸೇರಿಸಿತು. ಸರ್ಕಾರ ಪರವಾನಗಿಗಳನ್ನು ಹಿಂತೆಗೆದುಕೊಳ್ಳಲಿಲ್ಲ. ಸೇನೆಯ ನೆರಳಿನ ಸರ್ಕಾರವೂ ಹೀಗೆ ನಡೆದುಕೊಂಡದ್ದೇಕೆ? ಅಷ್ಟು ಹೊತ್ತಿಗೆ ಅದು ಥಕ್ಸಿನ್ ಯೋಜನೆಯಾಗಿ ಉಳಿದಿರಲಿಲ್ಲ. ಕಾಯ್ದೆಯಾಗಿತ್ತು, ಜನರ ಹಕ್ಕಾಗಿತ್ತು. ಮುಟ್ಟಿದರೆ ಕೈಸುಡುತ್ತಿತ್ತು.

ಕಡ್ಡಾಯ ಪರವಾನಗಿಯಡಿ ಥಾಯ್ಲೆಂಡ್ ತರಿಸಿಕೊಂಡ ಅಗ್ಗದ ಎಫಾವಿರೆಂಜ್ ಹೋದದ್ದು ಭಾರತದಿಂದ. ಅದನ್ನು ಓದಿದಾಗ ನನಗೆ ಹೆಮ್ಮೆಯೂ ಆಯಿತು, ಮುಜುಗರವೂ ಆಯಿತು. ಮಾತ್ರೆ ತಯಾರಿಸುವ ಶಕ್ತಿ ನಮ್ಮಲ್ಲಿತ್ತು. ಅದನ್ನು ರೋಗಿಯ ಜೇಬಿಗೆ ಕೈಹಾಕದೆ ಕೊಡುವ ಸಂಕಲ್ಪ ಅವರಲ್ಲಿತ್ತು. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು ಥಾಯ್ಲೆಂಡಿನಲ್ಲಿ 2001ರಲ್ಲಿ ಸುಮಾರು ಮೂರನೇ ಒಂದರಷ್ಟಿತ್ತು. ಈಗ ಅದು ಹತ್ತನೇ ಒಂದರ ಆಸುಪಾಸಿನಲ್ಲಿದೆ. ನಮ್ಮ ಸರ್ಕಾರದ್ದೇ ಲೆಕ್ಕದ ಪ್ರಕಾರ ಭಾರತದಲ್ಲಿ 2021-22ರಲ್ಲಿ ಅದು ಶೇ. 39.4.

ಎರಡನೆಯ ತಪ್ಪು ಪಾಠ ‘ಬಿಟ್ಟಿ’ಯದು. ಉಳ್ಳವರೂ ಇಲ್ಲದವರೂ ಒಂದೇ ಸಾಲಿನಲ್ಲಿ ನಿಂತು ಬಿಟ್ಟಿ ಚಿಕಿತ್ಸೆ ಪಡೆಯುವುದು ಯಾವ ನ್ಯಾಯ, ನಿಜವಾದ ಬಡವರಿಗಷ್ಟೇ ಕೊಟ್ಟರೆ ಸಾಲದೇ ಎಂದು ಬ್ಯಾಂಕಾಕಿನ ಅರ್ಥಶಾಸ್ತ್ರಜ್ಞರು ವರ್ಷಕ್ಕೊಮ್ಮೆಯಾದರೂ ಕೇಳುತ್ತಾರೆ. ಕೇಳಲು ಬಹಳ ಕರುಣೆಯ ಮಾತು. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ಅದು ಬಿಟ್ಟಿಯಲ್ಲ. ಯೋಜನೆ ನಡೆಯುವುದು ತೆರಿಗೆಯ ಹಣದಲ್ಲಿ. ಬೀದಿಬದಿಯಲ್ಲಿ ನೂಡಲ್ ಮಾರುವ ಹೆಂಗಸು ಆದಾಯ ತೆರಿಗೆ ಕಟ್ಟದಿರಬಹುದು. ಅಂಗಡಿಯಲ್ಲಿ ಕೊಳ್ಳುವ ಎಣ್ಣೆ ಬಾಟಲಿಯ ಮೇಲೆ ಶೇ. 7ರ ಮೌಲ್ಯವರ್ಧಿತ ತೆರಿಗೆಯನ್ನಂತೂ ಕಟ್ಟಿಯೇ ಇರುತ್ತಾಳೆ. ಎರಡನೆಯದು, ಬಡವರಿಗಷ್ಟೇ ಎಂಬ ಪ್ರಯೋಗವನ್ನು ಥಾಯ್ಲೆಂಡ್ ಆಗಲೇ ಮಾಡಿ ನೋಡಿದೆ. 1975ರಿಂದ ಅಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯ ಯೋಜನೆ ಇತ್ತು. ಯಾರು ಬಡವರು ಎಂದು ಗುರುತಿಸಿ ಕಾರ್ಡು ಕೊಡುವ ಪದ್ಧತಿ. ಫಲಿತಾಂಶ ಏನಾಯಿತೆಂಬುದು ನಮ್ಮ ಬಿಪಿಎಲ್ ಕಾರ್ಡಿನ ಕಥೆ ಬಲ್ಲವರಿಗೆ ಹೇಳಬೇಕಿಲ್ಲ. ಕಾರ್ಡು ಬೇಕಾದ ಎಷ್ಟೋ ಜನಕ್ಕೆ ಸಿಗಲಿಲ್ಲ, ಬೇಡದ ಎಷ್ಟೋ ಜನಕ್ಕೆ ಸಿಕ್ಕಿತು. ಸಿಕ್ಕ ಬಡವರು ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತರು. ಬಡವರಿಗಾಗಿಯೇ ಮೀಸಲಿಟ್ಟ ಸೇವೆ ಕೊನೆಗೆ ಬಡ ಸೇವೆಯಾಗಿಯೇ ಉಳಿಯುತ್ತದೆ, ಏಕೆಂದರೆ ದನಿಯಿರುವ ಯಾರೂ ಅದನ್ನು ಬಳಸುವುದಿಲ್ಲ.

ಸರ್ವರಿಗೂ ಕೊಟ್ಟಾಗ ಲಾಭವಾದದ್ದು ಯಾರಿಗೆ? ಜೊನಾಥನ್ ಗ್ರೂಬರ್, ನಥಾನಿಯಲ್ ಹೆಂಡ್ರೆನ್, ರಾಬರ್ಟ್ ಟೌನ್ಸೆಂಡ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರಿಶೀಲಿಸಿತು. ಮುಂಚೆ ಬಡ ಪ್ರಾಂತ್ಯಗಳಲ್ಲಿ ಶಿಶುಮರಣ ಹೆಚ್ಚು, ಸಿರಿವಂತ ಪ್ರಾಂತ್ಯಗಳಲ್ಲಿ ಕಡಿಮೆ. 30 ಬಾತ್ ಯೋಜನೆ ಬಂದ ನಂತರ ಬಡತನಕ್ಕೂ ಶಿಶುಮರಣಕ್ಕೂ ಇದ್ದ ಆ ನಂಟು ಬಹುಮಟ್ಟಿಗೆ ಕಳಚಿತು. ಎಲ್ಲರಿಗೂ ತೆರೆದ ಬಾಗಿಲಿನಿಂದ ಬದುಕಿಕೊಂಡದ್ದು ಬಡವರ ಕೂಸುಗಳೇ.

ಈಗ ಎರಡನೆಯ ಕಾರ್ಡಿಗೆ ಬರೋಣ. 2014ರ ಸೇನಾದಂಗೆಯ ನಂತರದ ಸರ್ಕಾರ 2017ರಲ್ಲಿ ತಂದದ್ದು ಈ ಬಡವರ ಕಾರ್ಡು. ವರ್ಷಕ್ಕೆ 1 ಲಕ್ಷ ಬಾತ್‌ಗಿಂತ ಕಡಿಮೆ ಆದಾಯ ಇರುವವರು ತಾವು ಬಡವರೆಂದು ಹೆಸರು ನೋಂದಾಯಿಸಿಕೊಳ್ಳಬೇಕು. ಒಪ್ಪಿಗೆಯಾದರೆ ಆರಂಭದಲ್ಲಿ ತಿಂಗಳಿಗೆ 200ರಿಂದ 300 ಬಾತ್‌ನಷ್ಟು ಸಾಮಾನು ಕೊಳ್ಳಬಹುದಿತ್ತು, ಅದೂ ಗೊತ್ತುಪಡಿಸಿದ ಅಂಗಡಿಗಳಲ್ಲಿ. ಒಂದು ಕೋಟಿಗೂ ಹೆಚ್ಚು ಜನ ನೋಂದಾಯಿಸಿಕೊಂಡರು. ಅಷ್ಟು ದೊಡ್ಡ ಸಂಖ್ಯೆಯ ಜನ ತಾವು ಬಡವರೆಂದು ಬರೆದುಕೊಟ್ಟ ದೇಶಕ್ಕೆ ಬೇಕಾಗಿರುವುದು ಇನ್ನೊಂದು ಕಾರ್ಡೋ, ಕೂಲಿ-ಪಿಂಚಣಿಗಳ ಹೊಸ ಲೆಕ್ಕವೋ?

ಪಿಂಚಣಿ ಎಂದೆ. ಸಾಮಾನ್ಯ ಥಾಯ್ ಮುದುಕರಿಗೆ ಸಿಗುವುದು ವೃದ್ಧಾಪ್ಯ ಭತ್ಯೆ. 2009ರಿಂದ ಅದನ್ನು ಬೇರೆ ಸರ್ಕಾರಿ ಪಿಂಚಣಿ ಇಲ್ಲದ, 60 ದಾಟಿದ ಎಲ್ಲರಿಗೂ ಕೊಡಲಾಗುತ್ತಿದೆ. 2011ರಲ್ಲಿ ನಿಗದಿಯಾದ ದರ ಹೀಗಿದೆ: 60 ದಾಟಿದವರಿಗೆ ತಿಂಗಳಿಗೆ 600 ಬಾತ್, 70 ದಾಟಿದವರಿಗೆ 700, 80 ದಾಟಿದವರಿಗೆ 800, 90 ದಾಟಿದವರಿಗೆ 1,000. ಒಂದು ದಶಕ ಕಳೆದರೂ ದರ ಅಲ್ಲೇ ನಿಂತಿತ್ತು. 600 ಬಾತ್ ಎಂದರೆ ದಿನಕ್ಕೆ 20. ಬೀದಿಯಲ್ಲಿ ಒಂದು ಬಟ್ಟಲು ನೂಡಲ್ ಕೂಡ ಅಷ್ಟಕ್ಕೆ ಬರುವುದಿಲ್ಲ. ಸರ್ಕಾರದ್ದೇ ಬಡತನದ ರೇಖೆ ತಿಂಗಳಿಗೆ ಸುಮಾರು 3,000 ಬಾತ್. ಡಯಾಲಿಸಿಸ್ ಉಚಿತ, ಎಚ್‌ಐವಿ ಮಾತ್ರೆ ಉಚಿತ, ಊಟಕ್ಕೆ ಮಾತ್ರ ಮಕ್ಕಳ ಮುಖ ನೋಡಬೇಕು. ಈಸಾನ್‌ನಲ್ಲಿ ನಾನು ಮಾತಾಡಿಸಿದ ಒಬ್ಬ ಅಜ್ಜಿ ಇದನ್ನು ಯಾವ ಸಿದ್ಧಾಂತದ ನೆರವಿಲ್ಲದೆ ಹೇಳಿದಳು: ಆಸ್ಪತ್ರೆಗೆ ಹೋಗುವಾಗ ನನಗೆ ಧೈರ್ಯ, ಅಲ್ಲಿಂದ ಮನೆಗೆ ಬರುವಾಗ ಚಿಂತೆ.

ಇಷ್ಟು ಚಿಕ್ಕ ಮೊತ್ತಕ್ಕೂ ಹಂಗು ತಪ್ಪಲಿಲ್ಲ. 2021ರ ಆರಂಭದಲ್ಲಿ ಸಾವಿರಾರು ವೃದ್ಧರಿಗೆ, ನೀವು ಬೇರೊಂದು ಸರ್ಕಾರಿ ಪಿಂಚಣಿ ಪಡೆಯುತ್ತಿದ್ದೀರಿ, ಇಷ್ಟು ವರ್ಷ ಪಡೆದ ಭತ್ಯೆಯನ್ನು ವಾಪಸ್ ಕಟ್ಟಿ ಎಂದು ಸೂಚನೆ ಹೋಯಿತು. ಅವರಲ್ಲಿ ಸರ್ಕಾರಿ ಕೆಲಸದಲ್ಲಿದ್ದು ಸತ್ತ ಮಕ್ಕಳ ಹೆಸರಿನಲ್ಲಿ ಅಷ್ಟಿಷ್ಟು ಪಿಂಚಣಿ ಪಡೆಯುತ್ತಿದ್ದ ತಾಯಂದಿರೂ ಇದ್ದರು. ದೇಶವೇ ಛೀಮಾರಿ ಹಾಕಿದ ಮೇಲೆ ಸರ್ಕಾರ ಹಿಂದೆ ಸರಿಯಿತು. ಅರ್ಹತೆಯ ಪರೀಕ್ಷೆ ಎಂದರೆ ಇದೇ. ಅದು ಬಾಗಿಲಲ್ಲಿ ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ಹತ್ತು ವರ್ಷದ ನಂತರವೂ ಬೆನ್ನಟ್ಟಿ ಬರುತ್ತದೆ.

ಈ ಹಂಗಿಗೆ ಥಾಯ್ ಸಂಸ್ಕೃತಿಯಲ್ಲಿ ಒಂದು ಸುಂದರ ಹೆಸರಿದೆ: ‘ಬುನ್‌ಖುನ್’. ಉಪಕಾರ ಮಾಡಿದವರ ಋಣ ಎಂದು ಹೇಳಬಹುದು. ತಾಯಿಗೆ, ಗುರುವಿಗೆ ಸಲ್ಲಬೇಕಾದ ಋಣ. ಮನೆಯೊಳಗೆ ಅದು ದೊಡ್ಡ ಮೌಲ್ಯ. ಆಳುವವರು ಅದನ್ನು ಎರವಲು ಪಡೆದಾಗ ಮಾತ್ರ ಅಪಾಯ. ಜನರದ್ದೇ ತೆರಿಗೆಯನ್ನು ಜನರಿಗೆ ಕೊಟ್ಟು ಕೃತಜ್ಞತೆ ಬೇಡುವ ಸರ್ಕಾರ, ಅಂಗಡಿಯವನು ಚಿಲ್ಲರೆ ವಾಪಸ್ ಕೊಟ್ಟು ದಾನ ಮಾಡಿದೆ ಅಂದ ಹಾಗೆ.

ದಾನದ ಮಾತು ಬಂದಾಗ 2017ರ ಓಟ ನೆನಪಾಗುತ್ತದೆ. ರಾಕ್ ಗಾಯಕ ಅರ್ತಿವಾರ ಕೊಂಗ್‌ಮಲಾಯ್, ಜನರ ಪ್ರೀತಿಯ ‘ತೂನ್’, ದೇಶದ ದಕ್ಷಿಣ ತುದಿಯ ಬೆಟೋಂಗ್‌ನಿಂದ ಉತ್ತರದ ಮೇ ಸಾಯ್‌ವರೆಗೆ 2,000 ಕಿ.ಮೀ.ಗೂ ಹೆಚ್ಚು ಓಡಿ, 11 ಸರ್ಕಾರಿ ಆಸ್ಪತ್ರೆಗಳಿಗೆ 100 ಕೋಟಿ ಬಾತ್‌ಗೂ ಹೆಚ್ಚು ಹಣ ಕೂಡಿಸಿದರು. ದಾರಿಯುದ್ದಕ್ಕೂ ಶಾಲಾ ಮಕ್ಕಳು, ಮುದುಕರು ನಿಂತು ಕೈಗೆ ನೋಟು ಕೊಟ್ಟರು. ಆ ಗಾಯಕನ ಬಗ್ಗೆ ನನಗೆ ಗೌರವವಿದೆ. ಅವರು ಓಡಿದ್ದರಿಂದ ಎಷ್ಟೋ ಉಪಕರಣಗಳು ಬಂದವು. ಆದರೆ ಫೋಟೋಕ್ಕೆ ನಿಂತ ಮಂತ್ರಿಗಳನ್ನು ಯಾರೂ ಕೇಳದೆ ಉಳಿದ ಪ್ರಶ್ನೆ ಒಂದಿತ್ತು. ಆಸ್ಪತ್ರೆಗೆ ಬೇಕಾದ ಯಂತ್ರಕ್ಕೆ ಬಜೆಟ್ ಓಡಬೇಕೋ, ಹಾಡುಗಾರ ಓಡಬೇಕೋ? ತೆರಿಗೆ ಕಟ್ಟಿದ ಮುದುಕಿ ಮತ್ತೊಮ್ಮೆ ಸೆರಗಿನ ಗಂಟು ಬಿಚ್ಚುವುದನ್ನು ಔದಾರ್ಯ ಎಂದು ಸಂಭ್ರಮಿಸುವುದು ಸುಲಭ. ಅದು ಬಜೆಟ್ಟಿನ ಸೋಲು ಎಂದು ಒಪ್ಪುವುದು ಕಷ್ಟ.

ಚಿನ್ನದ ಕಾರ್ಡಿನೊಳಗೇ ತಾಮ್ರ ಎಷ್ಟು ಬೆರೆತಿದೆ ಎಂಬುದನ್ನೂ ಹೇಳಬೇಕು. ಸರ್ಕಾರಿ ನೌಕರರ ಕುಟುಂಬಗಳಿಗೆ ತಲಾ ಖರ್ಚಾಗುವ ಹಣ ಚಿನ್ನದ ಕಾರ್ಡಿನವರದ್ದಕ್ಕಿಂತ ಹಲವು ಪಟ್ಟು ಹೆಚ್ಚು, ಎರಡೂ ತೆರಿಗೆಯದೇ ಹಣ. ಕಾರ್ಖಾನೆಯ ನೌಕರರು ದಶಕಗಳ ಕಾಲ ಸಂಬಳದ ಶೇ. 5ರಷ್ಟು, ಗರಿಷ್ಠ 750 ಬಾತ್, ಪ್ರತಿ ತಿಂಗಳೂ ಕಟ್ಟಿದರು. ಹಾಗೆ ಕಟ್ಟಿದವರಿಗೇ ಹಲ್ಲಿನ ಚಿಕಿತ್ಸೆಗೆ ವರ್ಷಗಟ್ಟಲೆ 900 ಬಾತ್ ಮಿತಿ ಇತ್ತು. ಅವರ ಹಣವನ್ನು ನೋಡಿಕೊಳ್ಳುವ ಮಂಡಳಿಗೆ ಅವರೇ ನೇರವಾಗಿ ಮತ ಹಾಕುವ ಮೊದಲ ಅವಕಾಶ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ, ಕಾಯ್ದೆ ಬಂದು ಮೂವತ್ತಮೂರು ವರ್ಷಗಳ ನಂತರ. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಸಂಘಟಿತರು. ಅವರು ಸಾಮಾಜಿಕ ಭದ್ರತೆಗೆ ಸೇರಬೇಕೆಂದರೆ ತಿಂಗಳಿಗೆ 70, 100 ಇಲ್ಲವೇ 300 ಬಾತ್ ತಾವೇ ಕಟ್ಟಬೇಕು. ಇಡೀ ವ್ಯವಸ್ಥೆಯನ್ನು ಹಳ್ಳಿಯಲ್ಲಿ ಹೊತ್ತು ನಡೆಸುವ 10 ಲಕ್ಷಕ್ಕೂ ಹೆಚ್ಚು ಆರೋಗ್ಯ ಸ್ವಯಂಸೇವಕರಿಗೆ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆಯೇ, ಸಂಬಳವಿಲ್ಲ, ಗೌರವಧನ ಮಾತ್ರ.

ಇನ್ನು ‘ಸರ್ವರಿಗೂ’ ಎಂಬ ಮಾತಿನಲ್ಲಿ ಯಾರೆಲ್ಲ ಸೇರುತ್ತಾರೆ? ಕಾಯ್ದೆ ಬಂದಾಗ ಅದರ ಅರ್ಥವನ್ನು ಥಾಯ್ ಪೌರತ್ವ ಇರುವವರಿಗಷ್ಟೇ ಎಂದು ಬಿಗಿಗೊಳಿಸಿದರು. ತಲೆಮಾರುಗಳಿಂದ ಗಡಿಬೆಟ್ಟಗಳಲ್ಲಿ ಬದುಕಿ ಕಾಗದಪತ್ರ ಸಿಗದವರು ಹೊರಗುಳಿದರು. ಅಂಥ ಸುಮಾರು ನಾಲ್ಕೂವರೆ ಲಕ್ಷ ಜನಕ್ಕೆ ಪ್ರತ್ಯೇಕ ನಿಧಿ ಸಿಕ್ಕಿದ್ದು 2010ರಲ್ಲಿ. ಮ್ಯಾನ್ಮಾರ್, ಲಾವೋಸ್, ಕಾಂಬೋಡಿಯಗಳಿಂದ ಬಂದ ಲಕ್ಷಾಂತರ ವಲಸೆ ಕಾರ್ಮಿಕರು ಹಣ ಕಟ್ಟಿ ವಿಮೆ ಕೊಳ್ಳಬಹುದು ಎಂಬುದು ಈ ಸೀಮೆಯಲ್ಲಿ ಸಣ್ಣ ಸಂಗತಿಯಲ್ಲ, ನಿಜ. ಆದರೆ 2020ರ ಡಿಸೆಂಬರ್‌ನಲ್ಲಿ ಸಮುತ್ ಸಾಖೋನ್‌ನ ಸೀಗಡಿ ಮಾರುಕಟ್ಟೆಯಲ್ಲಿ ಕೊರೊನಾ ಹರಡಿದಾಗ, ಬರ್ಮೀ ಕಾರ್ಮಿಕರ ವಸತಿಗಳ ಸುತ್ತ ಮುಳ್ಳುತಂತಿ ಸುತ್ತಿ ಅವರನ್ನು ಒಳಗೇ ಕೂಡಿಹಾಕಲಾಯಿತು. ಜಗತ್ತಿಗೆ ಸೀಗಡಿ ಸುಲಿದುಕೊಡುವ ಕೈಗಳು ಆ ಹೊತ್ತಿನಲ್ಲಿ ಸರ್ಕಾರಕ್ಕೆ ರೋಗದ ಮೂಲವಾಗಿ ಮಾತ್ರ ಕಂಡವು.

ಇಷ್ಟೆಲ್ಲ ಕೊರತೆ ಪಟ್ಟಿ ಮಾಡಿದ ಮೇಲೆ, ಹಾಗಾದರೆ ಈ ವ್ಯವಸ್ಥೆ ಸೋತಿದೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಾಲು ಉದ್ದವಿದೆ, ಕಿರಿಯ ವೈದ್ಯರು ದಣಿದು ರಾಜೀನಾಮೆ ಕೊಡುತ್ತಿದ್ದಾರೆ, ಹಲವು ಆಸ್ಪತ್ರೆಗಳು ಸಾಲದಲ್ಲಿವೆ. ಇವೆಲ್ಲ ಹಣ ಮತ್ತು ಸಿಬ್ಬಂದಿಯ ಕೊರತೆಗಳು. ಇವಕ್ಕೆ ಮದ್ದೆಂದು ‘ಎಲ್ಲರಿಗೂ’ ಎಂಬುದನ್ನು ಕಿತ್ತು ‘ಅರ್ಹರಿಗೆ’ ಎಂದು ಬರೆಯುವುದು, ಮನೆ ಸೋರುತ್ತದೆಂದು ಮಾಡನ್ನೇ ಇಳಿಸಿದಂತೆ. ಥಾಯ್ಲೆಂಡ್ ಇಪ್ಪತ್ತು ವರ್ಷದಲ್ಲಿ ಸಾಬೀತು ಮಾಡಿದ್ದು, ಮಧ್ಯಮ ಆದಾಯದ ದೇಶವೂ ತನ್ನ ಜನರನ್ನು ‘ನೀನು ಯಾರು, ಎಷ್ಟು ಗಳಿಸುತ್ತೀಯ’ ಎಂದು ಕೇಳದೆ ಉಪಚರಿಸಬಹುದು ಎಂಬುದನ್ನು. ಆಸ್ಪತ್ರೆಯಲ್ಲಿ ಸಾಧ್ಯವಾದದ್ದು ಮುದಿವಯಸ್ಸಿನಲ್ಲಿ ಏಕೆ ಸಾಧ್ಯವಿಲ್ಲ? ಜನಸಂಘಟನೆಗಳು 3,000 ಬಾತ್‌ನ ಸಾರ್ವತ್ರಿಕ ಪಿಂಚಣಿ ಕೇಳುತ್ತಿವೆ. ಸಹಿ ಸಂಗ್ರಹಿಸುವ ಹಳೆಯ ದಾರಿ ಇನ್ನೂ ಇದೆ. ಆದರೆ ಹಣಕಾಸಿನ ಮಸೂದೆಯಾದರೆ ಪ್ರಧಾನಿಯ ಒಪ್ಪಿಗೆ ಬೇಕೆಂಬ ನಿಯಮದ ಬಳಿ ಆ ದಾರಿ ಮುಗಿದುಹೋಗುತ್ತದೆ.

ಐವರಲ್ಲಿ ಒಬ್ಬರು 60 ದಾಟಿರುವ ದೇಶ ಅದು. 2023ರ ಆಗಸ್ಟ್‌ನಲ್ಲಿ, ಚುನಾವಣೆಯಲ್ಲಿ ಸೋತು ಉಸ್ತುವಾರಿಯಾಗಿ ಮಾತ್ರ ಉಳಿದಿದ್ದ ಸರ್ಕಾರ ವೃದ್ಧಾಪ್ಯ ಭತ್ಯೆಗೆ ಹೊಸ ನಿಯಮ ಹೊರಡಿಸಿತು. ಈಗಾಗಲೇ ಪಡೆಯುತ್ತಿರುವವರಿಗೆ ತೊಂದರೆಯಿಲ್ಲ. ಇನ್ನು ಮುಂದೆ 60 ತುಂಬುವವರು ತಮಗೆ ಆದಾಯವಿಲ್ಲ, ಅಥವಾ ಇರುವ ಆದಾಯ ಬದುಕಿಗೆ ಸಾಲದು ಎಂದಿದ್ದರೆ ಮಾತ್ರ ಅರ್ಹರು. ಎಷ್ಟಿದ್ದರೆ ‘ಸಾಲದು’ ಎಂಬುದನ್ನು ಸಮಿತಿಯೊಂದು ನಿರ್ಧರಿಸಬೇಕು. ಅಂಥ ಸಮಿತಿಗಳಲ್ಲಿ ಕೂರುವ ಹಿರಿಯ ಅಧಿಕಾರಿಗಳಿಗೆ ಪಿಂಚಣಿ ಉಂಟು, ತಂದೆ-ತಾಯಿಗೂ ಸೇರಿ ಚಿಕಿತ್ಸೆಯುಂಟು, ಅದಕ್ಕಾಗಿ ಅವರು ಯಾವ ಕಾರ್ಡನ್ನೂ ತೋರಿಸಿ ತಾವು ಬಡವರೆಂದು ಹೇಳಬೇಕಿಲ್ಲ. ದಿನಕ್ಕೆ 20 ಬಾತ್ ಯಾರಿಗೆ ಹೆಚ್ಚಾಯಿತು ಎಂದು ಲೆಕ್ಕ ಹಾಕುವ ಕೆಲಸ ಮಾತ್ರ ಅವರದು.